ಬಸ್ಸಿನ ದಾರಿ ಹಿಡಿದು ಟೈಲರ್‌ಗಳನ್ನು ಹುಡುಕಿದೆವು

ದಾವಣಗೆರೆಯ ನಮ್ಮ ಹೊಲಿಗೆ ಘಟಕದಲ್ಲಿ ಶಾಲಾ ಸಮವಸ್ತ್ರ ಬಿಟ್ಟು ಬೇರೇನೂ ತಯಾರಾಗುವುದಿಲ್ಲ. ಖಾಸಗಿ ಶಾಲೆಗಳ ಆರ್ಡರ್‌ಗಳು ಫೆಬ್ರುವರಿಯಿಂದ ಬರತೊಡಗುತ್ತವೆ. ಮೇ ಕೊನೆಯಲ್ಲಿ ಶಾಲೆ ಬಾಗಿಲು ತೆರೆಯುವಷ್ಟರಲ್ಲಿ ಅಂಗಿ, ಚಡ್ಡಿ, ಪಿನಾಫೋರ್, ಚೂಡಿದಾರ್ ಎಲ್ಲವೂ ಅಳತೆವಾರು ಕಟ್ಟಿ ಅಂಗಡಿ ಸೇರಿರಬೇಕು. ತಡವಾದ ಮಾಲನ್ನು ಮುಂದಿನ ವರ್ಷದವರೆಗೆ ಗೋದಾಮಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಭಿಲ್ವಾಡಾದ ಬಟ್ಟೆ ದುಡ್ಡು ಕೊಟ್ಟರೆ ಬರುತ್ತದೆ, ಯಂತ್ರ ಸಾಲದಲ್ಲಿ ಸಿಗುತ್ತದೆ. ಮಾರ್ಚ್ ತಿಂಗಳಲ್ಲಿ ಕೆಲಸ ಬಲ್ಲ ಟೈಲರ್ ಸಿಗುವುದೇ ಕಷ್ಟ. ಎಂಟು ಜನರಿದ್ದ ಘಟಕವನ್ನು ಹದಿನಾಲ್ಕಕ್ಕೆ ಏರಿಸುವುದೆಂದು ನಾನೂ ನನ್ನ ಯಜಮಾನರೂ ತೀರ್ಮಾನಿಸಿದಾಗ ನಮ್ಮ ಮುಂದಿದ್ದ ಪ್ರಶ್ನೆ ಒಂದೇ: ಕಡಿಮೆ ಖರ್ಚಿನಲ್ಲಿ, ಸೀಸನ್ ಮುಗಿಯುವವರೆಗಾದರೂ ಉಳಿಯುವ ಜನರನ್ನು ಎಲ್ಲಿಂದ ತರುವುದು?

ಮೊದಲು ಎಲ್ಲರೂ ಹಿಡಿಯುವ ದಾರಿಗಳನ್ನೇ ವಿಚಾರಿಸಿದೆವು. ಪತ್ರಿಕೆಯ ವರ್ಗೀಕೃತ ಜಾಹೀರಾತು, ಬೆಳಗಿನ ಪತ್ರಿಕೆಯೊಳಗೆ ಸೇರಿಸಿ ಹಂಚುವ ಕರಪತ್ರ, ಕೇಬಲ್ ಟಿವಿಯಲ್ಲಿ ಕೆಳಗೆ ಓಡುವ ಸಾಲು, ಮೊಬೈಲ್‌ನ ಉದ್ಯೋಗ ಆ್ಯಪ್‌ಗಳು, ಜನರನ್ನು ಒದಗಿಸುವ ಏಜೆನ್ಸಿ. ಏಜೆನ್ಸಿಯವರು ಒಬ್ಬೊಬ್ಬರಿಗೆ ಒಂದು ತಿಂಗಳ ಸಂಬಳದಷ್ಟು ಕೇಳಿದರು. ಸೇರಿದವರು ತಿಂಗಳೊಳಗೆ ಬಿಟ್ಟರೆ ಇನ್ನೊಬ್ಬರನ್ನು ಕೊಡುತ್ತೇವೆ ಎಂದರೇ ಹೊರತು ಹಣ ಹಿಂದಿರುಗಿಸುವ ಮಾತಿಗೆ ಒಪ್ಪಲಿಲ್ಲ. ಸೀಸನ್ನಿನ ನಡುವೆ ಒಬ್ಬರು ಹೋಗಿ ಇನ್ನೊಬ್ಬರು ಬಂದು ಕಲಿಯುವಷ್ಟರಲ್ಲಿ ನಮ್ಮ ಆರ್ಡರ್ ದಿನ ಕಳೆದಿರುತ್ತದೆ. ಆ ದಾರಿಯನ್ನು ಅಲ್ಲಿಗೇ ಕೈಬಿಟ್ಟೆವು. ಕರಪತ್ರ ಮತ್ತು ಆ್ಯಪ್‌ನಿಂದ ಫೋನ್ ಕರೆಗಳು ಧಾರಾಳವಾಗಿ ಬಂದವು. ‘ನಾಳೆ ಬರುತ್ತೇನೆ’ ಎಂದವರಲ್ಲಿ ಬಂದವರು ಕೆಲವೇ ಮಂದಿ. ಬಂದವರಲ್ಲೂ ಹೆಚ್ಚಿನವರಿಗೆ ಘಟಕ ಯಾವ ಬಡಾವಣೆಯಲ್ಲಿದೆ, ಬಸ್ ಎಲ್ಲಿ ಇಳಿಯಬೇಕು, ಸಂಜೆ ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂಬುದೇ ಮೊದಲ ಪ್ರಶ್ನೆ. ಸಂಬಳದ ಮಾತು ಅನಂತರ. ನಮಗೆ ದಾರಿ ತೋರಿಸಿದ್ದು ಈ ಪ್ರಶ್ನೆಗಳೇ.

ಅದಕ್ಕೆ ಮುಂಚೆ ಲೆಕ್ಕದ ಮಾತು. ಹೊಸಬರೊಬ್ಬರನ್ನು ಸೇರಿಸಿಕೊಳ್ಳಲು ನಿಜಕ್ಕೂ ಎಷ್ಟು ಖರ್ಚಾಗುತ್ತದೆ ಎಂದು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಆರಂಭದ ಸಂಬಳ 14,000 ರೂಪಾಯಿ ಎಂದುಕೊಳ್ಳಿ. ಮೊದಲ ಹದಿನೈದು ದಿನ ಅರ್ಧದಷ್ಟೇ ಕೆಲಸ ಆಗುತ್ತದೆ, ಹಾಗಾಗಿ ಅಲ್ಲಿ 3,500 ರೂಪಾಯಿ. ಪಕ್ಕದಲ್ಲಿ ಕುಳಿತು ಕಲಿಸುವ ಹಿರಿಯರ ಸಮಯ, ಬಿಚ್ಚಿ ಹೊಲಿದ ಪೀಸುಗಳು, ಹಾಳಾದ ಬಟ್ಟೆ ಬೇರೆ. ಎಲ್ಲ ಸೇರಿ ಐದಾರು ಸಾವಿರ ಸುಲಭವಾಗಿ ದಾಟುತ್ತದೆ. ಇದರ ಎದುರು ಸಾವಿರ ಎರಡು ಸಾವಿರದ ಜಾಹೀರಾತು ಏನೇನೂ ಅಲ್ಲ. ಪುಕ್ಕಟೆಯಾಗಿ ಸಿಕ್ಕು ಇಪ್ಪತ್ತನೇ ದಿನ ಬಿಟ್ಟುಹೋದವರು ದುಬಾರಿ. ಹಣ ಖರ್ಚು ಮಾಡಿ ಕರೆತಂದು ಎರಡು ಸೀಸನ್ ಉಳಿದವರು ಅಗ್ಗ. ಅಂದಿನಿಂದ ನಾನು ಪ್ರತಿ ದಾರಿಯನ್ನೂ ಒಂದೇ ಮಾತಿನಲ್ಲಿ ಪರೀಕ್ಷಿಸುತ್ತೇನೆ: ಈ ದಾರಿಯಲ್ಲಿ ಬಂದವರು ಎಷ್ಟು ಕಾಲ ನಿಂತರು?

ಈಗ ಬಸ್ಸಿನ ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗುವ ಮೊದಲು ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದವರೆಲ್ಲ ನಡೆದು ಬರುವಷ್ಟು ಹತ್ತಿರದ ಬಡಾವಣೆಗಳವರು. ಹಳ್ಳಿಯಿಂದ ಬರುವವರಿಗೆ ದಿನಕ್ಕೆ ನಲವತ್ತು ಐವತ್ತು ರೂಪಾಯಿ ಟಿಕೆಟ್ಟಿಗೇ ಹೋಗುತ್ತಿತ್ತು. ತಿಂಗಳಿಗೆ ಸಾವಿರಕ್ಕೂ ಮೇಲೆ ಆಗುವ ಆ ಹಣ ಮನೆಯವರು ‘ಬೇಡ ಬಿಡು’ ಎನ್ನಲು ಸಾಕಾಗುತ್ತಿತ್ತು. ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೆ ನಮಗೆ ಸಿಗಬಹುದಾದ ಟೈಲರ್‌ಗಳ ವ್ಯಾಪ್ತಿ ಊರಿನ ಸುತ್ತ ಎಷ್ಟೋ ಕಿಲೋಮೀಟರ್ ಹಿಗ್ಗಿತು. ಶಕ್ತಿಯ ಬಗ್ಗೆ ಜನ ಏನೇ ವಾದಿಸಲಿ, ಹೆಣ್ಣುಮಕ್ಕಳೇ ಹೆಚ್ಚಾಗಿ ದುಡಿಯುವ ನಮ್ಮಂಥ ಸಣ್ಣ ಘಟಕಗಳಿಗೆ ಅದರಿಂದ ಆದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ದಾವಣಗೆರೆ ಸುತ್ತಮುತ್ತ ಖಾಸಗಿ ಬಸ್ಸುಗಳ ಓಡಾಟ ಬಹಳ. ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಹೀಗಾಗಿ ಯಾವ ರಸ್ತೆಯಲ್ಲಿ ಬೆಳಿಗ್ಗೆ ಸರ್ಕಾರಿ ಬಸ್ ಇದೆ, ಸಂಜೆ ಮರಳಲು ಯಾವುದಿದೆ ಎಂಬುದನ್ನು ನಿಲ್ದಾಣದಲ್ಲಿ ಕೇಳಿ, ಆಯಾ ಊರಿನವರಿಂದಲೂ ಖಾತರಿ ಮಾಡಿಕೊಂಡೆವು. ವೇಳಾಪಟ್ಟಿಯ ಬಸ್ಸು ನಿಜವಾಗಿ ಬರುತ್ತದೆಯೇ ಎಂಬುದನ್ನು ಊರಿನವರೇ ಹೇಳಬೇಕು. ಆನಗೋಡು, ಹದಡಿ, ಲೋಕಿಕೆರೆ ಕಡೆಯ ರಸ್ತೆಗಳನ್ನು ಹೀಗೆ ನೋಡಿ, ಎರಡು ಹೊತ್ತೂ ಬಸ್ ಹೊಂದುವ ಹಳ್ಳಿಗಳನ್ನಷ್ಟೇ ಆರಿಸಿಕೊಂಡೆವು. ನಂತರ ನಮ್ಮ ಕೆಲಸದ ಹೊತ್ತನ್ನೇ ಬದಲಿಸಿದೆವು. ಒಂಬತ್ತಕ್ಕೆ ಶುರುವಾಗುತ್ತಿದ್ದ ಕೆಲಸ ಒಂಬತ್ತೂವರೆಗೆ ಬಂತು, ಸಂಜೆ ಬಿಡುವ ಹೊತ್ತು ಐದೂವರೆಗೆ ನಿಂತಿತು. ಮಕ್ಕಳನ್ನು ಶಾಲೆಗೆ ಕಳುಹಿಸಿ ಬಸ್ ಹತ್ತಲು ಆ ಅರ್ಧ ಗಂಟೆ ಬೇಕು. ಮಧ್ಯಾಹ್ನದ ಊಟದ ಬಿಡುವನ್ನು ಸ್ವಲ್ಪ ಕಡಿಮೆ ಮಾಡಿ ಹೊಂದಿಸಿಕೊಂಡೆವು. ಒಂದು ಪೈಸೆ ಖರ್ಚಿಲ್ಲದ ಈ ಬದಲಾವಣೆ ತಂದುಕೊಟ್ಟಷ್ಟು ಅರ್ಜಿದಾರರನ್ನು ಯಾವ ಕರಪತ್ರವೂ ತಂದುಕೊಡಲಿಲ್ಲ.

ಹಳ್ಳಿಯಲ್ಲಿ ಯಾರಿಗೆ ಹೇಳುವುದು? ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ ಎಂದು ಒಬ್ಬರು ಇರುತ್ತಾರೆ. ಸ್ವಸಹಾಯ ಸಂಘಗಳ ಸಾಲ, ಉಳಿತಾಯ ಬರೆಯುವವರು ಅವರೇ ಆದ್ದರಿಂದ ಯಾರು ಹೊಲಿಗೆ ಯಂತ್ರಕ್ಕೆ ಸಾಲ ಪಡೆದಿದ್ದಾರೆ, ಯಾರಿಗೆ ನಿಜವಾಗಿ ಕೆಲಸ ಬೇಕಾಗಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ನಾನು ಸಂಘದ ಸಭೆಗೆ ಹೋಗಿ ನಮ್ಮಲ್ಲಿ ಹೊಲಿದ ಎರಡು ಅಂಗಿಗಳನ್ನು ಮುಂದಿಟ್ಟು ಮಾತಾಡಿದೆ. ಸಂಬಳ ಎಷ್ಟು, ಯಾವ ತಾರೀಖು, ರಜೆ ಯಾವಾಗ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅಲ್ಲಿಯೇ ಬಿಟ್ಟುಬಂದೆ. ಬರೆದು ಕೊಟ್ಟದ್ದಕ್ಕೆ ಬೆಲೆ ಬರುತ್ತದೆ. ಆ ಹಾಳೆಯನ್ನು ಮನೆಯಲ್ಲಿ ಗಂಡನಿಗೆ, ಅತ್ತೆಗೆ ತೋರಿಸುತ್ತಾರೆ. ‘ಅಕ್ಕಾ, ಗಂಡಸರ ಜೊತೆ ಕೂತು ಹೊಲಿಯಬೇಕೇನು? ಶೌಚಾಲಯ ಬೇರೆ ಇದೆಯೇನು?’ ಎಂದು ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದರು. ಇದೆ ಎಂದು ಹೇಳಿ, ಬೇಕಿದ್ದವರು ಒಂದು ದಿನ ಬಂದು ನೋಡಿಹೋಗಿ ಎಂದೆ. ನೋಡಲು ಬಂದವರಲ್ಲಿ ಹೆಚ್ಚಿನವರು ಉಳಿದರು.

ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯೂ ಒಂದು ಒಳ್ಳೆಯ ಮೂಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ದೇಶವೆಲ್ಲ ಅನುಸರಿಸಿ ಜಿಲ್ಲೆಗೊಂದರಂತೆ ಈ ಸಂಸ್ಥೆಗಳು ಬೆಳೆದಿವೆ. ಊಟ ವಸತಿ ಸಹಿತ ಉಚಿತ ಹೊಲಿಗೆ ತರಬೇತಿ ಕೊಡುತ್ತಾರೆ. ಸ್ವಂತ ಅಂಗಡಿ ಇಡುವವರನ್ನು ತಯಾರು ಮಾಡುವುದೇ ಅವರ ಉದ್ದೇಶ. ಆದರೂ ಎಲ್ಲರೂ ಅಂಗಡಿ ಇಡುವುದಿಲ್ಲ. ಬ್ಯಾಚ್ ಮುಗಿಯುವ ಕಾಲಕ್ಕೆ ನಮ್ಮ ಹಾಳೆಯನ್ನು ಅಲ್ಲಿ ಕೊಟ್ಟರೆ ಒಬ್ಬಿಬ್ಬರು ಬರುತ್ತಾರೆ. ಪುಕ್ಕಟೆ.

ಬಂದವರನ್ನು ಅಳೆಯುವುದು ಹೇಗೆ ಎಂಬುದರ ಮೇಲೆ ಉಳಿಯುವುದೂ ನಿಂತಿದೆ. ನಮಗೆ ಬರುವ ಟೈಲರ್‌ಗಳು ಎರಡು ಬಗೆ. ಮನೆಯಲ್ಲಿ ರವಿಕೆ, ಲಂಗ ಹೊಲಿದು ಪಳಗಿದವರು ಇಡೀ ಉಡುಪನ್ನು ಅಚ್ಚುಕಟ್ಟಾಗಿ ಮುಗಿಸುತ್ತಾರೆ, ಆದರೆ ಕಾಲಿನಿಂದ ತುಳಿಯುವ ಯಂತ್ರಕ್ಕೆ ಒಗ್ಗಿದವರಿಗೆ ವಿದ್ಯುತ್ ಮೋಟಾರಿನ ಸಿಂಗಲ್ ನೀಡಲ್ ಯಂತ್ರದ ವೇಗ ಮೊದಲ ವಾರ ಹೆದರಿಕೆ ಹುಟ್ಟಿಸುತ್ತದೆ. ಇನ್ನೊಂದು ಬಗೆಯವರು ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿದು ಮದುವೆಗೋ, ತಂದೆ ತಾಯಿಯನ್ನು ನೋಡಿಕೊಳ್ಳಲೋ ಊರಿಗೆ ಮರಳಿದವರು. ಕಾಲರ್ ಕೂರಿಸುವುದಾದರೆ ಕಾಲರ್ ಮಾತ್ರ, ತೋಳು ಜೋಡಿಸುವುದಾದರೆ ತೋಳು ಮಾತ್ರ ಮಾಡಿದವರು. ಅವರ ವೇಗ ನೋಡಿದರೆ ಬೆರಗಾಗುತ್ತದೆ. ಬೇರೆ ಭಾಗ ಕೊಟ್ಟರೆ ಕೈ ತಡೆಯುತ್ತದೆ. ಒಂದೇ ಬಗೆಯವರನ್ನು ತುಂಬಿಕೊಂಡರೆ ಸಣ್ಣ ಘಟಕ ನಡೆಯುವುದಿಲ್ಲ. ಕಾಲರ್, ಕಫ್, ಜಿಪ್ ಇರುವಲ್ಲಿ ಗಾರ್ಮೆಂಟ್ಸ್‌ನವರನ್ನು ಕೂರಿಸಿ, ಅಳತೆ ಬದಲಾಗುತ್ತ ಹೋಗುವ ಪಿನಾಫೋರ್, ಸ್ಕರ್ಟ್ ಕಡೆ ಮನೆ ಹೊಲಿಗೆಯವರನ್ನು ಹಾಕಿದ ಮೇಲೆ ಇಬ್ಬರಿಗೂ ಮೊದಲ ವಾರದ ಅವಮಾನ ತಪ್ಪಿತು. ಮೊದಲ ವಾರದಲ್ಲೇ ಬಿಟ್ಟುಹೋಗುವವರು ಹೆಚ್ಚಾಗಿ ‘ನನ್ನಿಂದ ಆಗುವುದಿಲ್ಲ’ ಎಂದುಕೊಂಡು ಹೋಗುವವರೇ.

ಸಂದರ್ಶನ ಎಂದು ನಾವು ಕುರ್ಚಿ ಹಾಕಿ ಕೂರುವುದಿಲ್ಲ. ಒಂದು ದಿನ ಯಂತ್ರದ ಮುಂದೆ ಕೂರಿಸುತ್ತೇವೆ, ಆ ದಿನದ ಕೂಲಿಯನ್ನು ಸಂಜೆಯೇ ಕೈಗೆ ಕೊಡುತ್ತೇವೆ. ಆಯ್ಕೆಯಾಗಲಿ ಬಿಡಲಿ, ಕೂಲಿ ಕೊಡಲೇಬೇಕು. ಪರೀಕ್ಷೆಯ ಹೆಸರಿನಲ್ಲಿ ಎರಡು ಮೂರು ದಿನ ಬಿಟ್ಟಿ ದುಡಿಸಿಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ. ಅದು ಅನ್ಯಾಯ, ಹಳ್ಳಿಯಲ್ಲಿ ಅದರ ಸುದ್ದಿ ಬಹುಬೇಗ ಹರಡುತ್ತದೆ ಕೂಡ. ಆ ಒಂದು ದಿನದಲ್ಲಿ ನಾನು ವೇಗ ನೋಡುವುದಿಲ್ಲ. ದಾರ ತುಂಡಾದಾಗ ತಾವೇ ಪೋಣಿಸಿಕೊಳ್ಳುತ್ತಾರೆಯೇ, ಹೊಲಿಗೆ ತಪ್ಪಿದ್ದನ್ನು ಮುಚ್ಚಿಡದೆ ಬಿಚ್ಚುತ್ತಾರೆಯೇ, ಓವರ್‌ಲಾಕ್ ಯಂತ್ರವನ್ನು ಕಂಡು ಕಲಿಯುವ ಕುತೂಹಲ ತೋರುತ್ತಾರೆಯೇ, ಇಷ್ಟನ್ನು ಗಮನಿಸುತ್ತೇನೆ.

ಒಳಗಿನವರೇ ಹೊರಗಿನವರನ್ನು ಕರೆತರುವುದು ಬಹುಪಾಲು ಸಣ್ಣ ಉದ್ದಿಮೆಗಳಲ್ಲಿ ನಡೆದುಕೊಂಡು ಬಂದದ್ದೇ. ನಾವು ಅದಕ್ಕೆ ಒಂದು ಕ್ರಮ ಹಾಕಿದೆವು. ಕರೆತಂದವರಿಗೆ 1,000 ರೂಪಾಯಿ, ಬಂದವರಿಗೂ 1,000 ರೂಪಾಯಿ, ಇಬ್ಬರಿಗೂ ಹೊಸಬರು ಮೂರು ತಿಂಗಳು ಪೂರೈಸಿದ ದಿನ. ಸೇರಿದ ದಿನವೇ ಕೊಟ್ಟರೆ ಯಾರನ್ನಾದರೂ ಕರೆತಂದು ಹಣ ಎಣಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಮೂರು ತಿಂಗಳ ಷರತ್ತು ಇದ್ದುದರಿಂದ ಕರೆತಂದವರೇ ಹೊಸಬರ ಪಕ್ಕ ಕುಳಿತು ಕಲಿಸಿದರು, ಗೈರುಹಾಜರಾದರೆ ಮನೆಗೆ ಹೋಗಿ ವಿಚಾರಿಸಿದರು. ಒಂದೇ ಊರಿನ ನಾಲ್ಕು ಜನ ಒಟ್ಟಿಗೆ ಬಸ್ ಹತ್ತಿದರೆ ಮನೆಯವರಿಗೂ ನೆಮ್ಮದಿ. ಇದರಲ್ಲಿ ಒಂದು ತೊಡಕೂ ಇದೆ: ಆ ಊರಿನಲ್ಲಿ ಮದುವೆಯೋ ಸಾವೋ ಆದರೆ ನಾಲ್ಕೂ ಯಂತ್ರ ನಿಲ್ಲುತ್ತವೆ. ಆದ್ದರಿಂದ ಒಂದು ಊರಿನಿಂದ ನಾಲ್ವರಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ.

ಇನ್ನೊಬ್ಬರನ್ನು ಮರೆಯುವಂತಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್. ಊರಿನ ಎಲ್ಲ ಘಟಕಗಳಿಗೂ ಹೋಗಿಬರುವ ಇವರಿಗೆ ಎಲ್ಲಿ ಕೆಲಸ ನಿಂತಿದೆ, ಯಾರು ಅಂಗಡಿ ಮುಚ್ಚುತ್ತಿದ್ದಾರೆ, ಯಾವ ಟೈಲರ್ ಮನೆ ಬದಲಿಸಿ ನಮ್ಮ ಬಡಾವಣೆಗೆ ಬಂದಿದ್ದಾರೆ ಎಂಬುದೆಲ್ಲ ಗೊತ್ತು. ಅವರ ಮೂಲಕ ಬಂದವರು ಬಹಳ ಕಾಲ ಉಳಿದಿದ್ದಾರೆ. ಆದರೆ ಪಕ್ಕದ ಘಟಕದಲ್ಲಿ ಸೀಸನ್ ನಡುವೆ ದುಡಿಯುತ್ತಿರುವವರನ್ನು ಹೆಚ್ಚು ಸಂಬಳ ತೋರಿಸಿ ಎಳೆದುಕೊಳ್ಳಬಾರದೆಂದು ಅವರಿಗೆ ಸ್ಪಷ್ಟವಾಗಿ ಹೇಳಿದ್ದೇವೆ. ನಾವೆಲ್ಲ ಒಂದೇ ಊರಿನ ಸಣ್ಣವರು. ಏಪ್ರಿಲ್‌ನಲ್ಲಿ ಒಬ್ಬ ಟೈಲರ್ ಹೋದರೆ ಆ ಮಾಲೀಕರ ವರ್ಷವೇ ಹೋಗುತ್ತದೆ.

ಮುಂಗಡದ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳಬೇಕು. ಇಪ್ಪತ್ತು ಮೂವತ್ತು ಸಾವಿರ ಮುಂಗಡ ಕೊಟ್ಟು ಟೈಲರ್‌ಗಳನ್ನು ಹಿಡಿದಿಡುವುದು ನಮ್ಮ ವ್ಯಾಪಾರದಲ್ಲಿ ಸಾಮಾನ್ಯ. ನಮಗೂ ಹಾಗೆಯೇ ಮಾಡಿ ಎಂದು ಸಲಹೆ ಕೊಟ್ಟವರಿದ್ದರು. ಸಾಲ ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ ಎಂದು ಕಟ್ಟಿಹಾಕುವುದು 1976ರ ಜೀತ ಪದ್ಧತಿ ನಿರ್ಮೂಲನೆ ಕಾಯ್ದೆಯ ಅಡಿಯಲ್ಲಿ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ತಪ್ಪೇ. ಆಧಾರ್, ಅಂಕಪಟ್ಟಿಗಳ ಮೂಲಪ್ರತಿ ಇಟ್ಟುಕೊಳ್ಳುವುದೂ ಅದೇ ಜಾತಿಯದು. ಮಕ್ಕಳ ಶಾಲಾ ಶುಲ್ಕಕ್ಕೆ, ಆಸ್ಪತ್ರೆಗೆ ಕೇಳಿದರೆ ನಾವು ಕೈಲಾದಷ್ಟು ಕೊಡುತ್ತೇವೆ, ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳುತ್ತೇವೆ. ಬಿಟ್ಟುಹೋಗುವವರನ್ನು ಆ ಹಣಕ್ಕಾಗಿ ತಡೆಯುವುದಿಲ್ಲ.

ಜನರನ್ನು ಉಳಿಸಿದ್ದು ಸಂಬಳದ ತಾರೀಖು. ತಿಂಗಳ ಏಳರೊಳಗೆ ಕೊಡಬೇಕೆಂಬುದು ಕಾನೂನು, ನಾವು ಐದಕ್ಕೇ ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಸಂಘದ ಸಾಲದ ಕಂತು ಕಟ್ಟುವವರಿಗೆ ಸಾವಿರ ರೂಪಾಯಿ ಹೆಚ್ಚು ಸಂಬಳಕ್ಕಿಂತ ತಪ್ಪದ ತಾರೀಖು ದೊಡ್ಡದು. ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಅದನ್ನು ಅವರು ಕೇಳುವ ಮೊದಲೇ ನಾವೇ ಸೇರಿಸುತ್ತೇವೆ.

ಕಾರ್ಮಿಕರ ರಾಜ್ಯ ವಿಮೆಯಾದ ಇಎಸ್‌ಐ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಸಣ್ಣ ಮಾಲೀಕರು ಬಹಳ ಮಂದಿ ಹತ್ತನೆಯವರನ್ನು ಸೇರಿಸಿಕೊಳ್ಳಲು ಹೆದರುವುದು ಇದಕ್ಕೇ. ಹತ್ತು ಜನರಾದರೆ ಇಎಸ್‌ಐ ಅನ್ವಯಿಸುತ್ತದೆ, ಇಪ್ಪತ್ತು ಜನರಾದರೆ ಭವಿಷ್ಯ ನಿಧಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಮಾಲೀಕರ ಪಾಲು ಶೇ 3.25, ಕೆಲಸಗಾರರ ಪಾಲು ಶೇ 0.75. ಅಂದರೆ 14,000 ರೂಪಾಯಿ ಸಂಬಳಕ್ಕೆ ನಾವು 455, ಅವರು 105 ರೂಪಾಯಿ. ಈ ಹಣಕ್ಕೆ ಕೆಲಸಗಾರರಿಗೂ ಕುಟುಂಬಕ್ಕೂ ಚಿಕಿತ್ಸೆ ಇದೆ. ವಂತಿಗೆ ಕಟ್ಟಿದ ದಿನಗಳ ಷರತ್ತು ಪೂರೈಸಿದವರಿಗೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70 ಭಾಗ, ಹೆರಿಗೆಗೆ 26 ವಾರಗಳ ವೇತನ ಸಿಗುತ್ತದೆ. ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೂ ಇದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಇದು. ಹತ್ತಿ ಗಿರಣಿಗಳಲ್ಲಿ ದುಡಿದ ಕುಟುಂಬದವರಿಗೆ ಇಎಸ್‌ಐ ಕಾರ್ಡಿನ ಬೆಲೆ ವಿವರಿಸಬೇಕಾಗಿಲ್ಲ. ‘ಇಎಸ್‌ಐ ಕಟ್ಟುತ್ತಾರೆ’ ಎಂಬ ಮಾತು ನಮಗೆ ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡಿದೆ. ನನ್ನ ಲೆಕ್ಕದಲ್ಲಿ ಆ 455 ರೂಪಾಯಿ ನೇಮಕಾತಿಯ ಖರ್ಚೇ, ಅದೂ ಬಹಳ ಅಗ್ಗದ ಖರ್ಚು.

ಎಲ್ಲರೂ ಅದನ್ನು ಸಂತೋಷದಿಂದ ಒಪ್ಪಲಿಲ್ಲ. ‘ನಮ್ಮ ಹೆಸರು ಎಲ್ಲಿಯೂ ಬರೆಯಬೇಡಿ ಮೇಡಂ, ಗೃಹಲಕ್ಷ್ಮಿ ನಿಲ್ಲುತ್ತದೆ, ಕಾರ್ಡ್ ಹೋಗುತ್ತದೆ’ ಎಂದು ಕೇಳಿಕೊಂಡವರಿದ್ದಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ನಿರಾಕರಿಸುವುದು ಯಜಮಾನಿ ಅಥವಾ ಪತಿ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಸಲ್ಲಿಸುವವರಾಗಿದ್ದರೆ ಎಂದು ವಿವರಿಸಿದೆ. ಅದು ಅವರಿಗೆ ಸಮಾಧಾನ ತಂದಿತು. ಬಿಪಿಎಲ್ ಕಾರ್ಡಿನ ಮಾತು ಹಾಗಲ್ಲ. ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದು ಎಂಬ ಮಾನದಂಡವಿದೆ. ತಿಂಗಳಿಗೆ 14,000 ಎಂದರೆ ವರ್ಷಕ್ಕೆ 1.68 ಲಕ್ಷ. ನಾನು ಸುಳ್ಳು ಧೈರ್ಯ ಹೇಳಲಾರೆ, ಹೆಸರಿಲ್ಲದೆ ದುಡಿಸಿಕೊಳ್ಳಲೂ ಆರೆ. ಇದೇ ಕಾರಣಕ್ಕೆ ಒಳ್ಳೆಯ ಕೆಲಸಗಾರ್ತಿಯರು ಕೆಲವರು ಬರದೆ ಉಳಿದರು. ಕನಿಷ್ಠ ವೇತನ ಪಡೆಯುವ ಹೆಣ್ಣುಮಗಳೊಬ್ಬಳ ದುಡಿಮೆಯಷ್ಟಕ್ಕೇ ಒಂದು ಮನೆ ಬಡವರ ಪಟ್ಟಿಯಿಂದ ಹೊರಬೀಳುವಂತಿದ್ದರೆ ಆ ಮಿತಿಯನ್ನು ಏರಿಸಲೇಬೇಕು. ಕೈಗಾರಿಕಾ ಸಂಘಗಳು ವಿದ್ಯುತ್ ದರದ ಬಗ್ಗೆ ಮನವಿ ಕೊಡುವಾಗ ಇದನ್ನೂ ಒಂದು ಸಾಲು ಸೇರಿಸಬೇಕೆಂದು ಕೇಳುತ್ತಲೇ ಇದ್ದೇನೆ.

ಅಪ್ರೆಂಟಿಸ್ ದಾರಿಯನ್ನೂ ನೋಡಿದೆವು. 30 ಜನರಿರುವ ಘಟಕಕ್ಕೆ ಅದು ಕಡ್ಡಾಯ, ನಾಲ್ಕು ಜನರಿಂದ ಮೇಲೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಒಟ್ಟು ಸಿಬ್ಬಂದಿಯ ಶೇ 15ರ ಮಿತಿ ಇರುವುದರಿಂದ ನಮ್ಮಂಥವರಿಗೆ ಸಿಗುವುದು ಒಬ್ಬರೋ ಇಬ್ಬರೋ. 2019ರ ನಿಯಮಗಳಲ್ಲಿ ಕನಿಷ್ಠ ಶಿಷ್ಯವೇತನ ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಅದರ ಶೇ 25 ಭಾಗ, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಕೊಡುತ್ತದೆ. ಐಟಿಐನಲ್ಲಿ ಹೊಲಿಗೆ ತಂತ್ರಜ್ಞಾನ ಮುಗಿಸಿದ ಹುಡುಗಿಯೊಬ್ಬಳನ್ನು ಹೀಗೆ ತೆಗೆದುಕೊಂಡು, ನಿಯಮಕ್ಕಿಂತ ಹೆಚ್ಚೇ ಕೊಟ್ಟೆವು. ಅಗ್ಗದ ಆಳು ಸಿಕ್ಕಿತೆಂದು ಇದನ್ನು ಬಳಸುವವರಿಗೆ ನನ್ನ ವಿರೋಧವಿದೆ. ಕಲಿಸಲು ಬಿಡುವಿಲ್ಲದ ಮಾರ್ಚ್‌ನಲ್ಲಿ ಅಪ್ರೆಂಟಿಸ್ ತೆಗೆದುಕೊಳ್ಳಬಾರದು. ಜುಲೈನಲ್ಲಿ ಸೇರಿಸಿಕೊಂಡರೆ ಸೀಸನ್ ಹೊತ್ತಿಗೆ ಪಳಗಿರುತ್ತಾರೆ.

ಲೆಕ್ಕಪತ್ರ, ರವಾನೆ ನೋಡಿಕೊಳ್ಳುವ ಹುದ್ದೆಗೆ ಮಾತ್ರ ಹಳ್ಳಿಯ ದಾರಿ ಹೊಂದಲಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಖಾಲಿ ಹುದ್ದೆಯ ವಿವರ ಕೊಟ್ಟೆವು. ಅದಕ್ಕೆ ಶುಲ್ಕವಿಲ್ಲ. ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ಲಿಗೂ ಇಲ್ಲ. ಉದ್ಯೋಗ ಮೇಳದಲ್ಲಿ ನಮ್ಮ ಮೇಜಿನ ಮುಂದೆ ನಿಂತವರು ಬಹುತೇಕ ಪದವೀಧರರು. ಹೊಲಿಗೆಗೆ ಒಬ್ಬರೂ ಸಿಗಲಿಲ್ಲ, ಲೆಕ್ಕಕ್ಕೆ ಬಿ.ಕಾಂ. ಮುಗಿಸಿದ ಹುಡುಗಿ ಸಿಕ್ಕಳು. ಅವಳಿಗೆ ಯುವನಿಧಿಯ 3,000 ರೂಪಾಯಿ ಬರುತ್ತಿತ್ತು, ಕೆಲಸ ಸಿಕ್ಕರೆ ಅದು ನಿಲ್ಲುತ್ತದೆ. ಆದ್ದರಿಂದ ಅವಳಿಗೆ 12,000 ಎಂದರೆ ಕೈಗೆ ಹೆಚ್ಚಾಗಿ ಬರುವುದು 9,000 ಮಾತ್ರ ಎಂಬುದನ್ನು ನೆನಪಿಟ್ಟುಕೊಂಡು ಸಂಬಳ ನಿಗದಿ ಮಾಡಿದೆವು. ಹೊಸ ಪದವೀಧರರಿಗೆ ಸಂಬಳ ಹೇಳುವ ಮೊದಲು ಮಾಲೀಕರು ಈ ಲೆಕ್ಕ ಹಾಕಿದರೆ ‘ಈಗಿನ ಹುಡುಗರಿಗೆ ಕೆಲಸ ಬೇಕಿಲ್ಲ’ ಎಂಬ ದೂರು ಅರ್ಧ ಕಡಿಮೆಯಾದೀತು.

ಇಷ್ಟಾಗಿಯೂ ಕಟಿಂಗ್ ಮಾಸ್ಟರ್ ಹುದ್ದೆ ತುಂಬಿಸುವುದು ಕಷ್ಟವಾಗಿಯೇ ಉಳಿಯಿತು. ಅರವತ್ತು ಪದರ ಬಟ್ಟೆ ಹಾಸಿ ಕತ್ತರಿಸುವಲ್ಲಿ ಒಂದು ಗೆರೆ ತಪ್ಪಿದರೆ ಅರವತ್ತು ಅಂಗಿ ಕೆಡುತ್ತವೆ. ಒಂದು ದಿನದ ಪರೀಕ್ಷೆಯಿಂದ ಅಂಥವರನ್ನು ಅಳೆಯಲಾಗುವುದಿಲ್ಲ. ಹೊರಗಿನವರು ಕೇಳುವ ಸಂಬಳ ನಮ್ಮ ಕೈಮೀರಿದ್ದು. ಹಾಗಾಗಿ ಒಳಗಿನವರನ್ನೇ ಬೆಳೆಸುತ್ತಿದ್ದೇವೆ. ಹದಡಿ ಕಡೆಯಿಂದ ಬರುವ, ಲೆಕ್ಕದಲ್ಲಿ ಚುರುಕಾದ ಒಬ್ಬರು ಯಜಮಾನರ ಪಕ್ಕ ನಿಂತು ಗುರುತು ಹಾಕುವುದನ್ನು, ಅಳತೆವಾರು ಪ್ಯಾಟರ್ನ್ ಜೋಡಿಸಿ ಬಟ್ಟೆ ಉಳಿಸುವುದನ್ನು ಕಲಿಯುತ್ತಿದ್ದಾರೆ. ಹೊರಗಿನಿಂದ ಮಾಸ್ಟರ್ ತಂದಿದ್ದರೆ ಕೊಡಬೇಕಾಗುತ್ತಿದ್ದ ಹೆಚ್ಚುವರಿಯಲ್ಲಿ ಅರ್ಧವನ್ನು ಈಗಲೇ ಅವರ ಸಂಬಳಕ್ಕೆ ಸೇರಿಸಿದ್ದೇವೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಸೀಸನ್ನಿನ ಬಾಯಿಗೇ ಬರುವುದರಿಂದ, ಆ ವರ್ಷದ ನೇಮಕಾತಿಯನ್ನು ಡಿಸೆಂಬರಿನಲ್ಲೇ ಮುಗಿಸಿ, ಜಾತ್ರೆಯ ರಜೆಯನ್ನು ಸೇರುವ ದಿನವೇ ಹಾಳೆಯಲ್ಲಿ ಬರೆದುಕೊಡುತ್ತೇವೆ.